ದೊಡ್ಡವರಿಗೆ ಹೇಳಿ

ಜುಲೈ ಒಂಬತ್ತರ ಬೆಳಿಗ್ಗೆ ಹತ್ತೂಕಾಲಿಗೆ ಔಷಧಿ ಅಂಗಡಿ ನಡೆಸುವ ಹೆಂಗಸೊಬ್ಬರು ಒಂಬತ್ತನೇ ತರಗತಿಯ ಮಗಳ ಕೈಹಿಡಿದುಕೊಂಡು ಠಾಣೆಗೆ ಬಂದರು. ಹಿಡಿದುಕೊಂಡು ಅನ್ನುವುದಕ್ಕಿಂತ ಎಳೆದುಕೊಂಡು ಅನ್ನಬೇಕು. ಬರೆಯುವ ಮೇಜಿನ ಹಿಂದೆ ಕೂತಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಹುಡುಗಿಯ ಗುರುತು ತಕ್ಷಣ ಸಿಕ್ಕಿತು.

"ಏನ್ ಪುಟ್ಟಿ, ನೀನು ಮೈಕ್ ಅಲ್ವಾ?"

ಹುಡುಗಿ ತಲೆ ಎತ್ತಲಿಲ್ಲ.

ಈ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ಮೇಷ್ಟ್ರು ಅಂತಲೇ ಹೆಸರು. ವಾರಕ್ಕೊಂದು ಶಾಲೆಗೆ ಹೋಗಿ, ಮೊಬೈಲಿನಲ್ಲಿ ಯಾರಾದರೂ ಕಾಡಿದರೆ ಏನು ಮಾಡಬೇಕು ಅಂತ ಮಕ್ಕಳಿಗೆ ಪಾಠ ಹೇಳುವುದು ಅವರ ಪಾಲಿಗೆ ಬಂದ ಕೆಲಸ. ಪಾಠದಲ್ಲಿ ನಾಲ್ಕೇ ಮಾತು: ಉತ್ತರ ಕೊಡಬೇಡಿ, ಅಳಿಸಬೇಡಿ, ಬ್ಲಾಕ್ ಮಾಡಿ, ದೊಡ್ಡವರಿಗೆ ಹೇಳಿ. ಹೋದ ತಿಂಗಳು ಈ ಹುಡುಗಿಯ ಶಾಲೆಯಲ್ಲಿ ಪಾಠ ಮುಗಿದಾಗ ವಂದನಾರ್ಪಣೆ ಮಾಡಿದವಳು ಇವಳೇ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಕಪ್ಪು ತಂದವಳು, ಅದಕ್ಕೇ ಗೆಳತಿಯರು ಇಟ್ಟ ಹೆಸರು ಮೈಕ್. ಅರಳು ಹುರಿದ ಹಾಗೆ ಮಾತು. ಒಂದು ಮಾತು ಒಬ್ಬರ ಬದುಕನ್ನೇ ಮುರಿಯಬಲ್ಲದು ಅಂತ ಅವಳು ಅಂದಾಗ ಮೊದಲು ಚಪ್ಪಾಳೆ ತಟ್ಟಿದ್ದು ಮೇಷ್ಟ್ರೇ.

ಅವತ್ತಿನದೇ ಇನ್ನೊಂದು ಪ್ರಸಂಗ. ನೀರು ತಂದಿಟ್ಟ ಶಾಲೆಯ ಆಯಾ ಬಾಗಿಲ ಬಳಿಯೇ ನಿಂತು ಪಾಠ, ವಂದನಾರ್ಪಣೆ ಎಲ್ಲ ಕೇಳಿಸಿಕೊಂಡು, ಮೇಷ್ಟ್ರು ಹೊರಟಾಗ ಜೀಪಿನವರೆಗೂ ಓಡಿಬಂದಿದ್ದರು. "ಮಕ್ಕಳು ದೊಡ್ಡೋರಿಗೆ ಹೇಳ್ಬೇಕು, ಸರಿ. ದೊಡ್ಡೋರು ಯಾರಿಗೆ ಹೇಳ್ಬೇಕು ಸಾರ್?" ಮೇಷ್ಟ್ರಿಗೆ ಇನ್ನೊಂದು ಶಾಲೆಗೆ ಹೊತ್ತಾಗಿತ್ತು. "ಅವರಿಗಿಂತ ದೊಡ್ಡೋರಿಗೆ ಹೇಳ್ಲಿ ಬಿಡಮ್ಮ!" ಅಂತ ನಕ್ಕು ಜೀಪು ಹತ್ತಿದ್ದರು. ಅದನ್ನು ಠಾಣೆಯಲ್ಲಿ ಹೇಳಿ ನಾಲ್ಕು ಜನರನ್ನು ನಗಿಸಿಯೂ ಇದ್ದರು.

ಇವತ್ತು ಮೈಕಿನ ಬಾಯಿಗೆ ಬೀಗ ಬಿದ್ದಿತ್ತು. ತಾಯಿಯೇ ಎಲ್ಲ ಹೇಳಿದರು. ಎರಡು ವಾರದಿಂದ ಹೆಸರಿಲ್ಲದ ಖಾತೆಯಿಂದ ದಿನಾ ಮಧ್ಯಾಹ್ನ ಒಂದೊಂದು ಮೆಸೇಜು ಬರುತ್ತಿದೆ. ಮಗಳು ಊಟ ಬಿಟ್ಟಿದ್ದಾಳೆ, ಶಾಲೆ ಬಿಟ್ಟಿದ್ದಾಳೆ. ಬ್ಲಾಕ್ ಮಾಡು ಅಂದರೆ ಮಾಡುವುದಿಲ್ಲ, ಮೊಬೈಲ್ ಕಿತ್ತುಕೊಂಡರೆ ಕೂಗಾಡುತ್ತಾಳೆ.

"ನಿನ್ನೆ ಬಟ್ಟೆ ತೆಗೆಯೋಕೆ ಮಹಡಿಗೆ ಹೋದೆ ಸಾರ್. ಗೋಡೆ ಅಂಚಲ್ಲಿ ನಿಂತು ಕೆಳಗೇ ನೋಡ್ತಿದ್ಲು. ಕರೆದ್ರೂ ತಿರುಗ್ಲಿಲ್ಲ."

ಆ ತಾಯಿ ಮಗಳ ಮಣಿಕಟ್ಟನ್ನು ಆಗಲೂ ಬಿಟ್ಟಿರಲಿಲ್ಲ. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆ ಖಾತೆ ಯಾರದೆಂದು ತಿಳಿಸುವಂತೆ ಕಂಪನಿಗೆ ಪತ್ರ ಹೋಯಿತು.

ಠಾಣೆಯ ಇನ್ಸ್‌ಪೆಕ್ಟರ್ ಮಿತಭಾಷಿ ಹೆಂಗಸು. ಮೇಡಂ ಆಡೋ ಒಂದೊಂದು ಮಾತಿಗೂ ಸಂಬಳದಲ್ಲಿ ದುಡ್ಡು ಕಟ್ ಆಗುತ್ತೆ ಅಂತ ಕಾನ್‌ಸ್ಟೇಬಲ್‌ಗಳ ತಮಾಷೆ. ಮಧ್ಯಾಹ್ನ ಅವರು ಮೇಷ್ಟ್ರನ್ನು ಕರೆದು ಮೆಸೇಜುಗಳ ಪ್ರತಿಯನ್ನು ಮುಂದೆ ತಳ್ಳಿದರು.

"ಗಟ್ಟಿಯಾಗಿ ಓದಿ."

ಮೇಷ್ಟ್ರು ಓದಿದರು. 'ನೀನು ಬಾಯಿ ಬಿಟ್ರೆ ಕೆಟ್ಟ ನಲ್ಲಿ, ತೊಟ್ಟು ತೊಟ್ಟು.' 'ಹಾಜರಿ ಕೂಗಿದಾಗ ಕೈ ಎತ್ತು ಸಾಕು, ನಿನ್ನ ಯೆಸ್ ಮಿಸ್ ಮುಗಿಯೋ ಹೊತ್ತಿಗೆ ಪೀರಿಯಡ್ಡೇ ಮುಗಿಯುತ್ತೆ.' 'ನಿನ್ನ ಹೆಸರು ಹೇಳೋಕೇ ನಿನಗೆ ಬರಲ್ವಲ್ಲೇ.'

"ಯಾರಿಗೆ ಬರೆದದ್ದು ಇದು?"

"ಆ ಹುಡುಗಿಗೆ ಮೇಡಂ."

"ಆ ಹುಡುಗಿಗೆ ಕಳಿಸಿದ್ದು. ಬರೆದದ್ದು ಯಾರಿಗೆ?"

ಮೇಷ್ಟ್ರು ಮತ್ತೊಮ್ಮೆ ಹಾಳೆ ನೋಡಿದರು. ಅರಳು ಹುರಿದ ಹಾಗೆ ಮಾತಾಡುವವಳನ್ನು ತೊದಲುತ್ತೀಯ ಅಂತ ಯಾರು ಹಂಗಿಸುತ್ತಾರೆ? ಇದು ಬೇರೆ ಯಾವುದೋ ಮಗುವಿಗೆ ಹೊಲಿದ ಅಂಗಿ.

ಜುಲೈ ಹತ್ತು, ಸಂಜೆ ಐದು ಗಂಟೆ. ಇಬ್ಬರೂ ಸಾದಾ ಬಟ್ಟೆಯಲ್ಲಿ ಹುಡುಗಿಯ ಮನೆಗೆ ಹೋದರು. ಕೋಣೆಯ ಗೂಡಿನಲ್ಲಿ ಸಾಲಾಗಿಟ್ಟಿದ್ದ ಗೆದ್ದ ಕಪ್ಪುಗಳನ್ನೆಲ್ಲ ಯಾರೋ ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದರು. ತಾಯಿ ಮಗಳ ಪಕ್ಕ ಮಂಚದ ಮೇಲೆ ಕೂತರು.

"ಬ್ಲಾಕ್ ಯಾಕೆ ಮಾಡ್ಲಿಲ್ಲ?" ಇನ್ಸ್‌ಪೆಕ್ಟರ್ ಕೇಳಿದರು.

"ಮುಂದಿಂದು ಬರುತ್ತೋ ಇಲ್ವೋ ನೋಡ್ಬೇಕಿತ್ತು."

"ಮುಂದಿಂದು ಏನು ಅಂತ ಗೊತ್ತಿತ್ತಾ?"

"ಹೂಂ."

"ಹೇಗೆ?"

"ನಾನೇ ಬರೆದಿದ್ದು."

ತಾಯಿ ಕೈ ಎತ್ತಿದರು. ಹೊಡೆಯಲು ಎತ್ತಿದ ಕೈ ಅರ್ಧಕ್ಕೇ ನಿಂತು ತಮ್ಮದೇ ಬಾಯಿಯನ್ನು ಮುಚ್ಚಿಕೊಂಡಿತು.

"ಯಾರಿಗೆ ಬರೆದಿದ್ದೆ?"

"ನಮ್ಮ ಸ್ಕೂಲ್ ಆಯಾ ಮಗಳಿಗೆ. ನಮ್ಮ ಕ್ಲಾಸಲ್ಲೇ ಇದ್ಲು. ತೊದಲೋಳು. ಹೋದ ವರ್ಷ ಸ್ಕೂಲ್ ಬಿಟ್ಟುಬಿಟ್ಲು."

"ಯಾಕೆ ಬರೆದೆ?"

"ಗ್ರೂಪಲ್ಲೂ ಹಾಕ್ತಿದ್ದೆ. ಎಲ್ರೂ ನಗೋರು." ಹುಡುಗಿ ಮೂಗು ಒರೆಸಿಕೊಂಡಳು. "ಅವಳು ಒಂದಕ್ಕೂ ಉತ್ತರ ಕೊಡ್ಲಿಲ್ಲ ಮೇಡಂ. ಅವಳಿಗೇನೂ ಅನ್ಸಲ್ಲ ಅಂದ್ಕೊಂಡೆ."

ಉತ್ತರ ಕೊಡಬೇಡಿ. ಮೇಷ್ಟ್ರ ಪಾಠದ ಮೊದಲ ಮಾತೇ ಅದು.

"ಇನ್ನೂ ಎಷ್ಟು ಬರಬೇಕು?"

"ಒಂದೇ."

"ಏನದು?"

ಹುಡುಗಿ ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡು ಹೇಳಿದಳು. ಬಾಗಿ ಕೇಳಬೇಕಾಯಿತು. "ನೀನು ಇಲ್ದಿದ್ರೆ ನಿಮ್ಮಮ್ಮಂಗೆ ಒಂದು ತುತ್ತಾದ್ರೂ ಉಳಿಯುತ್ತೆ." ಮುಖ ಎತ್ತದೆಯೇ ಅಂದಳು, "ಅದು ಬರೋ ದಿನ ನಾನೂ ಇರ್ಬಾರ್ದು ಅನ್ಸಿತ್ತು."

ತಾಯಿ ಅವಳನ್ನು ಅವುಚಿಕೊಂಡರು. ಬೈಯಬೇಕೋ ಮುದ್ದು ಮಾಡಬೇಕೋ ತಿಳಿಯದೆ ಬೆನ್ನು ತಟ್ಟುತ್ತಲೇ ಇದ್ದರು. ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬೇಡಿ, ಮಹಡಿಯ ಬಾಗಿಲಿಗೆ ಬೀಗ ಹಾಕಿ ಅಂತ ಹೇಳಿ, ಮೊಬೈಲನ್ನು ವಶಕ್ಕೆ ತೆಗೆದುಕೊಂಡು ಇನ್ಸ್‌ಪೆಕ್ಟರ್ ಎದ್ದರು. ಮಾರನೆಯ ಮಧ್ಯಾಹ್ನ ಆ ಮೊಬೈಲನ್ನು ಮೇಜಿನ ಮೇಲಿಟ್ಟುಕೊಂಡು ಮೇಷ್ಟ್ರು ಊಟಕ್ಕೂ ಏಳದೆ ಕಾದರು. ಮೆಸೇಜು ಬರಲಿಲ್ಲ. ಮೂರು ಗಂಟೆಗೆ ಕಂಪನಿಯ ಉತ್ತರ ಬಂತು. ಖಾತೆ ತೆರೆದ ಮೊಬೈಲ್ ನಂಬರು ಶಾಲೆಯ ಆಯಾ ಹೆಸರಿನಲ್ಲಿತ್ತು. ನಂಬರು ಮುಚ್ಚಿಡುವ ಉಪಾಯವೇ ಅವರಿಗೆ ಗೊತ್ತಿರಲಿಲ್ಲ.

ಆಯಾ ಮನೆ ಒಂದೇ ಕೋಣೆ. ಶಾಲೆಯವರು ಹೊರಗೆ ಹಾಕಿದ ಹಳೇ ಬೆಂಚಿನ ಮೇಲೆ ಕೂತು ಮಗಳು ಕಾಗದದ ಕವರು ಅಂಟಿಸುತ್ತಿದ್ದಳು. ಪೊಲೀಸರನ್ನು ನೋಡಿ ಗೋಡೆಗೆ ಒತ್ತಿಕೊಂಡು ಕೂತಳು, ಬಾಯಿ ಬಿಡಲಿಲ್ಲ. ಆಯಾಗೆ ಆಶ್ಚರ್ಯವೇ ಆಗಲಿಲ್ಲ. ಒದ್ದೆ ಕೈ ಒರೆಸಿಕೊಂಡು ಎರಡು ಮೊಬೈಲ್ ತಂದು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟರು.

"ಒಂದು ನಂದು. ಇನ್ನೊಂದು ಇವಳದ್ದು. ಎಲ್ಲಾ ಹಾಗೇ ಇದೆ ಮೇಡಂ, ಅಳಿಸಿಲ್ಲ."

"ನೀವೇ ಕಳಿಸಿದ್ರಾ?"

"ನಾನೇ. ಊಟದ ಹೊತ್ತಲ್ಲಿ ಪೊರಕೆ ಇಡೋ ಕೋಣೇಲಿ ಕೂತು, ಇವಳ ಮೊಬೈಲ್ ನೋಡ್ಕೊಂಡು ನಂದ್ರಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ನಂಗೆ ಬೇಗ ಬರಲ್ಲ. ಒಂದು ಮಾತಿಗೇ ಊಟದ ಹೊತ್ತು ಪೂರ್ತಿ ಹಿಡಿಯೋದು."

ಮಗಳ ಎದೆಗೆ ನಾಟಿದ ಒಂದೊಂದು ಅಕ್ಷರವೂ ಹೀಗೆ ಆ ತಾಯಿಯ ಬೆರಳನ್ನು ಹಾದುಹೋಗಿತ್ತು. ಮೇಷ್ಟ್ರಿಗೆ ಕೇಳದೆ ಇರಲಾಗಲಿಲ್ಲ.

"ಇದನ್ನ ಯಾರಿಗಾದ್ರೂ ತೋರಿಸ್ಬಾರ್ದಿತ್ತೇನಮ್ಮ?"

"ತೋರಿಸಿದ್ದೆ ಸಾರ್. ದೊಡ್ಡ ಮಿಸ್ಸಿಗೇ ತೋರಿಸ್ದೆ. ಮಕ್ಕಳಾಟ, ಅಳಿಸಿಬಿಡು ಅಂದ್ರು. ಆಮೇಲೆ ನೀವು ಬಂದು ಅಳಿಸಬೇಡಿ ಅಂದ್ರಿ. ಅವತ್ತು ಆ ಮಗು ಮೈಕ್ ಹಿಡ್ಕೊಂಡು ಎಷ್ಟು ಚೆನ್ನಾಗಿ ಮಾತಾಡ್ತು! ನನ್ನ ಮಗಳು ಒಂದು ವರ್ಷದಿಂದ ಅಮ್ಮ ಅಂದಿಲ್ಲ. ಹೊಟ್ಟೆ ಉರೀತು. ನಿಮ್ಮ ಹಿಂದೆ ಓಡಿ ಬಂದೆನಲ್ಲ ಸಾರ್. ದೊಡ್ಡೋರು ಯಾರಿಗೆ ಹೇಳ್ಬೇಕು ಅಂತ ಕೇಳ್ದೆ."

ದನಿಯಲ್ಲಿ ಆಕ್ಷೇಪ ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು.

ಅಕ್ಕಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು, ಎರಡೂ ಮೊಬೈಲ್ ಜಪ್ತಿ ಮಾಡಿ, ಸಂಜೆ ಆರಕ್ಕೆ ಪಂಚನಾಮೆ ಮುಗಿಸಿದರು. ಅಪ್ರಾಪ್ತ ಬಾಲಕಿಗೆ ಕಿರುಕುಳ ಕೊಟ್ಟ ಆರೋಪದ ಮೇಲೆ ಬಂಧಿಸುತ್ತಿದ್ದೇವೆ ಅಂತ ಇನ್ಸ್‌ಪೆಕ್ಟರ್ ತಿಳಿಸಿದರು. ಮಗಳನ್ನು ನೋಡಿಕೊಳ್ಳಲು ಪಕ್ಕದ ಮನೆಯಾಕೆ ಒಪ್ಪಿದರು. ಆಯಾ ಮಗಳ ತಲೆ ಸವರಿ, ಅನ್ನ ಮುಚ್ಚಿಟ್ಟಿದೀನಿ ಅಂತ ಹೇಳಿ ಜೀಪು ಹತ್ತಿದರು. ಚಾಲಕ ಇಂಜಿನ್ ಶುರು ಮಾಡಿದ.

ಅಷ್ಟರಲ್ಲಿ ಆಯಾ ಮಗಳು ಬಾಗಿಲಿಗೆ ಓಡಿಬಂದಳು. ಬಾಯಿ ತೆರೆದಳು. ತುಟಿ ಅದುರಿತು, ಕತ್ತಿನ ನರ ಉಬ್ಬಿತು, ದನಿ ಬರಲಿಲ್ಲ. ಯಾರೂ ಹೇಳದೆಯೇ ಚಾಲಕ ಇಂಜಿನ್ ಆರಿಸಿದ. ಇನ್ಸ್‌ಪೆಕ್ಟರ್, ಮೇಷ್ಟ್ರು, ಪಂಚರು, ಎಲ್ಲರೂ ಕಾದರು.

"ಅ... ಅ... ಅಮ್ಮ. ಚ... ಚ... ಚಪ್ಪಲಿ."

ಆಯಾ ಬರಿಗಾಲಲ್ಲಿ ಹೊರಟಿದ್ದರು. ಮಗಳು ಚಪ್ಪಲಿಯನ್ನು ತಂದು ಕಾಲ ಬಳಿ ಇಟ್ಟಳು. ಅಷ್ಟು ಹೊತ್ತು ಕಲ್ಲಿನ ಹಾಗಿದ್ದ ಹೆಂಗಸು ಅದನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಮೇಷ್ಟ್ರು ಮುಖ ಆಚೆ ತಿರುಗಿಸಿಕೊಂಡರು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಎರಡು ಕೆಲಸ ಮಾಡಿದರು. ಮೊದಲು, ಆಯಾ ಮಗಳಿಗೆ ಆದದ್ದರ ಬಗ್ಗೆ ಆಯಾ ಬಾಯಿಂದಲೇ ದೂರು ಬರೆಸಿಕೊಂಡು ಇನ್ನೊಂದು ಎಫ್‌ಐಆರ್ ದಾಖಲಿಸಿದರು. ಅದು ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ಮುಖ್ಯೋಪಾಧ್ಯಾಯಿನಿಯಾದ ದೊಡ್ಡ ಮಿಸ್ಸನ್ನೂ ಕರೆಸಿ ಕೇಳಲಾಗುತ್ತದೆ. ಆಮೇಲೆ ಆಯಾ ಹೇಳಿಕೆ. ಮೇಷ್ಟ್ರು ಬರೆದುಕೊಳ್ಳಲು ಕೂತರು. ಇನ್ಸ್‌ಪೆಕ್ಟರ್ ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಮಗಳ ಮೊಬೈಲಲ್ಲಿ ಇನ್ನೊಂದು ಇದೆ. ಅದನ್ನ ಯಾಕೆ ಕಳಿಸ್ಲಿಲ್ಲ?"

ಆಯಾ ಸೆರಗಿನಿಂದ ಮುಖ ಒರೆಸಿಕೊಂಡರು.

"ಒತ್ತೋಕೆ ಶುರು ಮಾಡಿದ್ದೆ ಮೇಡಂ. ನಿಮ್ಮಮ್ಮಂಗೆ ಅನ್ನೋ ಹತ್ರ ಕೈ ನಿಂತ್ಹೋಯ್ತು. ಆ ಮಗೂಗೂ ಒಬ್ಬ ತಾಯಿ ಇದ್ದಾಳಲ್ಲ."

ಹೇಳಿಕೆಯನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಿ ಬರೆಯುವುದು ಠಾಣೆಯ ರೂಢಿ. ಮೇಷ್ಟ್ರು ಆ ಸಾಲನ್ನು ಆಯಾ ಹೇಳಿದ ಹಾಗೆಯೇ ಬರೆದರು. ಬರೆದಾದ ಮೇಲೆ ಪೆನ್ನು ಮುಚ್ಚದೆ, ಇನ್ನೇನಾದರೂ ಹೇಳುವುದಿದೆಯೇನಮ್ಮ ಅಂತ ಕೇಳಿ, ಆಯಾ ಮುಖವನ್ನೇ ನೋಡುತ್ತಾ ಕೂತರು.