ಹುಣಸೆಹಣ್ಣಿನಿಂದ ತಿಕ್ಕಿದ ರೂಪಾಯಿ

2025ರ ನವೆಂಬರ್ 10, ಸೋಮವಾರ. ಬೆಳಿಗ್ಗೆ 10.40ಕ್ಕೆ ಗೋಳಗುಮ್ಮಟದ ಹತ್ತಿರದ ಠಾಣೆಗೆ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಚಂದ್ರಕಾಂತ ಬಂದರು. ಕೈಯಲ್ಲಿ ಒಂದು ಡಬ್ಬಿ, ಡಬ್ಬಿಯಲ್ಲಿ ಹತ್ತಿ, ಹತ್ತಿಯ ನಡುವೆ ಎರಡು ನಾಣ್ಯ. ಪಿಎಸ್‌ಐ ಸುಧಾರಾಣಿ ಆಗಷ್ಟೇ ಚಹಾದ ಕಪ್ಪು ಕೈಗೆತ್ತಿಕೊಂಡಿದ್ದರು.

"ಮೇಡಂರೀ, ಮೋಸ ಆಗೇತ್ರಿ."

"ಯಾರಿಗೆ?"

"ನನಗರೀ." ಹಾಗೆನ್ನುವಾಗ ಅವರ ಮುಖದಲ್ಲಿ ದುಃಖಕ್ಕಿಂತ ನಾಚಿಕೆಯೇ ಹೆಚ್ಚಿತ್ತು.

ನಾಚಿಕೆಗೆ ಕಾರಣವಿತ್ತು. ಹಳೆಯ ನಾಣ್ಯ ಕೊಳ್ಳುವವರ, ಮಾರುವವರ ಆನ್‌ಲೈನ್ ಗುಂಪೊಂದರಲ್ಲಿ ಚಂದ್ರಕಾಂತರೇ ದೊಡ್ಡ ಪಂಡಿತರು. ಯಾವ ಸಂಸ್ಥೆಯೂ ಪರೀಕ್ಷಿಸಿ ದರ್ಜೆ ಕೊಡದ ಬಿಡಿ ನಾಣ್ಯ ಕಂಡರೆ, ಕೊಳ್ಳಬೇಕೋ ಬಿಡಬೇಕೋ ಎಂದು ಜನ ಇವರನ್ನೇ ಕೇಳುತ್ತಿದ್ದರು. ತೂಗಿ ನೋಡಿ, ಅಯಸ್ಕಾಂತ ಹಿಡಿಯಿರಿ, ಅಂಚು ಸವರಿ ನೋಡಿ ಎಂದು ಇವರು ಪಾಠ ಹೇಳುತ್ತಿದ್ದರು.

ಅವರಿಗೆ ಬೇಕಾಗಿದ್ದು ವಿಕ್ಟೋರಿಯಾ ರಾಣಿಯ 1840ರ ಒಂದು ರೂಪಾಯಿ. ತೀರಿಹೋದ ತಾಯಿಯ ರೂಪಾಯಿ ಸರದಲ್ಲಿ ಹನ್ನೊಂದು ನಾಣ್ಯಗಳಿರಬೇಕು, ಇರುವುದು ಹತ್ತೇ. ಡಿಸೆಂಬರ್ 5ಕ್ಕೆ ಮಗಳು ಪ್ರಾಚಿಯ ಮದುವೆ. ಅಜ್ಜಿಯ ಸರ ಹಾಕಿಕೊಂಡೇ ಅಕ್ಷತೆಗೆ ನಿಲ್ಲುತ್ತೇನೆ, ಆದರೆ ಬೊಚ್ಚು ಬಾಯಿಯಂಥ ಸರ ಬೇಡ ಎಂದು ಅವಳು ಹಟ ಹಿಡಿದಿದ್ದಳು.

"ತೂಗಿ ನೋಡಿದ್ರೇನು?" ಸುಧಾರಾಣಿ ಕೇಳಿದರು.

"ಇಲ್ರಿ."

"ಊರಿಗೆಲ್ಲಾ ತೂಗ್ರಿ ಅಂತ ಹೇಳಾವ್ರು ನೀವ ಅಲ್ರಿ?"

"ಹೌದ್ರಿ. ಆದ್ರ ಫೋಟೋ ನೋಡಿದ ಕೂಡ್ಲೆ ಮನಸ್ಸು ಸೋತು ಬಿಡ್ತ್ರಿ. ಕಪ್ಪಗ, ಹಳೇದು ಅಂದ್ರ ಹಳೇದು ಇದ್ದಂಗ ಇತ್ತು."

"ಎರಡ್ಯಾಕ ತಗೊಂಡ್ರಿ?"

"ಒಂದು ಸರಕ್ಕ. ಇನ್ನೊಂದು..." ಅವರು ತಲೆ ತಗ್ಗಿಸಿದರು. "ಸೋವಿ ಇತ್ರಿ."

ಆ ಆಸೆಯೇ ಮೋಸವನ್ನು ಬಯಲು ಮಾಡಿತ್ತು. ಎರಡೂ ನಾಣ್ಯಗಳಲ್ಲಿ ರಾಣಿಯ ಕೆನ್ನೆಯ ಮೇಲೆ ಒಂದೇ ಗೀರು, ತಲೆಯ ಮೇಲೆ ಕೊಂಡಿ ಬೆಸೆದು ಕಿತ್ತ ಒಂದೇ ಕಲೆ. ಎರಡು ಬೇರೆ ನಾಣ್ಯಗಳು ಒಂದೇ ಜಾಗದಲ್ಲಿ ಹೀಗೆ ಗಾಯ ಮಾಡಿಕೊಳ್ಳುವುದಿಲ್ಲ. ಎರಡೂ ಒಂದೇ ಅಚ್ಚಿನ ಮಕ್ಕಳು.

ಪಂಚರ ಎದುರು ಪಕ್ಕದ ಬೆಳ್ಳಿ ಅಂಗಡಿಯಲ್ಲಿ ತೂಗಿಸಿದಾಗ ಒಂದೊಂದೂ ಒಂಬತ್ತು ಗ್ರಾಂ ಎಂಟುನೂರು ಮಿಲಿಗ್ರಾಂ ಬಂತು. ಇರಬೇಕಾದದ್ದು ಹನ್ನೊಂದೂವರೆಗಿಂತ ಮೇಲೆ. ಬೆಳ್ಳಿಯಂತೂ ಅಲ್ಲವೇ ಅಲ್ಲ. 12.15ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 318(4)ರ ಅಡಿ ಎಫ್‌ಐಆರ್ ದಾಖಲಾಯಿತು. ಮಾರಿದವನು ಹೆಲ್ಮೆಟ್ ತೆಗೆಯದೆ ಬಸ್ ನಿಲ್ದಾಣದ ಎದುರು ನಾಣ್ಯ ಕೊಟ್ಟು, ಒಂಬತ್ತು ಸಾವಿರ ನಗದು ತೆಗೆದುಕೊಂಡು ಹೋಗಿದ್ದ. ಫೋನ್ ಬಂದ್, ಸಿಮ್ ಬೇರೆ ಯಾರದೋ ಹೆಸರಿನಲ್ಲಿ.

ಉಳಿದದ್ದು ಅವನು ಗುಂಪಿನಲ್ಲಿ ಹಾಕಿದ್ದ ಜಾಹೀರಾತಿನ ಫೋಟೋ ಮಾತ್ರ. ಹೆಡ್ ಕಾನ್‌ಸ್ಟೇಬಲ್ ಮಲಂಗಸಾಬ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ಮೇಡಂ, ನಾಣ್ಯ ಬಿಡ್ರಿ. ಅದರ ಕೆಳಗಿನ ಕೌದಿ ನೋಡ್ರಿ. ಇದು ನಮ್ಮೂರ ತಾಯವ್ವನ ಕೈ."

"ಹೊಲಿಗಿ ನೋಡಿ ಹೇಳ್ತಿಯೇನು?"

"ಹುಟ್ಟಿದಾಗಿಂದ ಅಕಿ ಹೊಲಿದ ಕೌದಿ ಹೊತ್ಕೊಂಡ ಮಲಗೀನ್ರಿ."

ಮಧ್ಯಾಹ್ನ ಮೂರಕ್ಕೆ ಜೀಪು ಮಲಂಗಸಾಬನ ಊರು ತಿಕೋಟಾದಲ್ಲಿತ್ತು. ಕಟ್ಟೆಯ ಮೇಲೆ ಸೂಜಿ ಹಿಡಿದು ಕುಳಿತಿದ್ದ ತಾಯವ್ವ ಮುದುಕಿ ಫೋನನ್ನು ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದಳು.

"ನಂದ ಐತಿ. ಈ ಹಸರು ಖಣದ ತುಂಡು ಕಾಣಸ್ತೈತಿಲ್ಲ? ಜೈನಾಪುರದ ಮಲಕವ್ವನ ಮದವಿ ಕುಪ್ಪಸದ್ದು. ಇದನ್ನ ನಟ್ಟನಡಕ ಹಚ್ಚು ಅಂತ ತಾನ ತಂದು ಕೊಟ್ಟಿದ್ಲು. ನಮ್ಮ ಪದ್ಧತಿ ಹಂಗ, ಅದರ ಕೆಳಗ ಹೋಳಿಗಿ ತುಣುಕ ಇಟ್ಟು ಕೌದಿ ಹೊಟ್ಟಿ ತುಂಬಸೀನಿ. ಯಾಕ, ಕೌದಿ ಕಳುವಾತೇನು?"

"ಇಲ್ಲವ್ವಾ. ಕೌದಿ ಸಾಕ್ಷಿ ಹೇಳಾಕತ್ತೈತಿ," ಎಂದ ಮಲಂಗಸಾಬ. ಮುದುಕಿ ಹೆಮ್ಮೆಯಿಂದ ಸೂಜಿಗೆ ದಾರ ಪೋಣಿಸಿಕೊಂಡಳು.

ಮರುದಿನ ಬೆಳಿಗ್ಗೆ 8.30ಕ್ಕೆ ಜೈನಾಪುರ. ಎಪ್ಪತ್ತೆಂಟರ ಮಲಕವ್ವ ಪೊಲೀಸರನ್ನು ಕಂಡು ಹೆದರಲಿಲ್ಲ, ನಾಣ್ಯ ಎಂಬ ಮಾತು ಕೇಳಿ ಕೆರಳಿದಳು. ದೇವರ ಜಗಲಿಯಿಂದ ಒಂದು ಅರಿವೆ ಗಂಟು ತಂದು ಬಿಚ್ಚಿದಳು. ಒಳಗಿದ್ದ ರೂಪಾಯಿ ಫಳಫಳ ಹೊಳೆಯಿತು. ಕೆನ್ನೆಯ ಮೇಲೆ ಅದೇ ಗೀರು, ತಲೆಯ ಮೇಲೆ ಅದೇ ಕಲೆ.

"ಇಷ್ಟ್ ಹೆಂಗ ಹೊಳಿತೈತಿ?" ಸುಧಾರಾಣಿ ಕೇಳಿದರು.

"ಲಕ್ಷ್ಮೀಪೂಜಿಗೆ ವರ್ಷಾ ಹುಣಸಿಹಣ್ಣು ಹಚ್ಚಿ ತಿಕ್ಕತೀನಿ. ಮಾಸಿದ ರೂಪಾಯಿ ದೇವರ ಮುಂದ ಇಡತಾರೇನು? ನಮ್ಮತ್ತಿ ಕೊಳ್ಳಾಗಿಂದು ಬೇ ಇದು. ಇದನ್ನ ಮಾರಿ ಎರಡು ಆಡಿನ ಮರಿ ತಗೊಳ್ಳೂಣು ಅಂದ್ರ, ಫೋನಿನ್ಯಾಗ ಯಾವನೋ ಖೊಟ್ಟಿ ಅಂದಾನಂತ! ಮೂರು ದಿನ ರೊಟ್ಟಿ ಗಂಟಲದಾಗ ಇಳಿದಿಲ್ಲ ನನಗ."

"ಫೋಟೋ ತಗದಾವ್ರು ಯಾರು?"

"ಮೊಮ್ಮಗ ಶಿವಾಜಿ. ಬಬಲೇಶ್ವರದಾಗ ಹಲ್ಲು ಮಾಡ್ತಾನ."

"ಹಲ್ಲಿನ ಡಾಕ್ಟರೇನು?"

"ಡಾಕ್ಟರ್ ಅಲ್ಲ, ಹಲ್ಲು ಮಾಡಾಂವ. ಇವನ್ನೂ ಅವನ ಮಾಡ್ಯಾನ," ಎಂದು ಮಲಕವ್ವ ಬಾಯಿ ತೆರೆದು ಎರಡೂ ಸಾಲು ತೋರಿಸಿದಳು. ಕೆಲಸ ಅಚ್ಚುಕಟ್ಟಾಗಿತ್ತು. ಸುಧಾರಾಣಿ ಮತ್ತು ಮಲಂಗಸಾಬ ಮುಖ ಮುಖ ನೋಡಿಕೊಂಡರು.

ಬಬಲೇಶ್ವರ, 10.20. ಸಣ್ಣ ಕೋಣೆಯ ಗೋಡೆಯುದ್ದಕ್ಕೂ ದವಡೆಗಳ ಅಚ್ಚುಗಳು. ದಂತವೈದ್ಯರು ಕಳಿಸಿದ ಅಳತೆಗೆ ಶಿವಾಜಿ ಇಲ್ಲಿ ಹಲ್ಲು ಎರಕ ಹೊಯ್ಯುತ್ತಿದ್ದ. ಪಂಚರೊಂದಿಗೆ ಮಲಂಗಸಾಬ ಒಂದೊಂದೇ ಅಚ್ಚು ಎತ್ತಿ ನೋಡುತ್ತ ಬಂದು ಒಂದರ ಹತ್ತಿರ ನಿಂತ. ಅದು ದುಂಡಗಿತ್ತು. ಒಳಗೆ ರಾಣಿಯ ಮುಖವಿತ್ತು.

"ಇದು ಯಾರ ಹಲ್ಲೋ ಶಿವಾಜಿ?"

ಮೂವತ್ತೆರಡರ ಶಿವಾಜಿ ಓಡಲಿಲ್ಲ, ಸುಳ್ಳೂ ಹೇಳಲಿಲ್ಲ. ಕೈಯ ಬಿಳಿ ಪುಡಿ ಒರೆಸಿಕೊಂಡ.

"ರೊಕ್ಕ ಎಲ್ಲಿ?" ಸುಧಾರಾಣಿ ಕೇಳಿದರು.

"ಆ ಡಬ್ಬ್ಯಾಗ ಐತ್ರಿ. ಒಂದ ನೋಟೂ ಮುಟ್ಟಿಲ್ಲ."

"ಮತ್ತ ಯಾಕ ಮಾಡಿದಿ?"

ಅವನು ತನ್ನ ಫೋನ್ ಮುಂದೆ ಹಿಡಿದ. ಅಕ್ಟೋಬರ್ 25ರಂದು ಅವನು ಅಜ್ಜಿಯ ಅಸಲಿ ರೂಪಾಯಿಯ ಫೋಟೋವನ್ನು ತನ್ನದೇ ಹೆಸರಿನಲ್ಲಿ ಗುಂಪಿಗೆ ಹಾಕಿದ್ದ. ಕೆಳಗೆ ಚಂದ್ರಕಾಂತರ ತೀರ್ಪಿತ್ತು: 'ಅತಿಯಾದ ಹೊಳಪು. ಶುದ್ಧ ನಕಲಿ. ಯಾರೂ ಕೊಳ್ಳಬೇಡಿ.' ಫೋಟೋದಲ್ಲಿದ್ದ ಗೀರನ್ನು ಅವರು ಗಮನಿಸಿರಲೇ ಇಲ್ಲ. ಹೊಳಪು ಕಂಡದ್ದೇ ತಡ, ತೀರ್ಪು ಬರೆದು ಮುಂದೆ ಸರಿದಿದ್ದರು.

"ಇದನ್ನ ಅಜ್ಜಿಗೆ ಓದಿ ಹೇಳಬಾರದಿತ್ತು, ಹೇಳಿಬಿಟ್ನಿ. ಅಕಿ ಅತ್ಲುರಿ. ಅಸಲಿ ಇವರಿಗೆ ಖೊಟ್ಟಿ ಕಾಣಸ್ತಂದ್ರ ಖೊಟ್ಟಿನ ಕೊಟ್ಟು ನೋಡೂಣು ಅಂತ ಎರಕ ಹೊಯ್ದು, ಕಪ್ಪ ಮಾಡಿ, ಬ್ಯಾರೆ ಹೆಸರಿನ್ಯಾಗ ಹಾಕಿದ್ನಿ. 'ಅಪರೂಪದ ನಾಣ್ಯ' ಅಂತ ಬರದ್ರು."

"ಎರಡನೇದು?"

"ಅವರಾಗೇ ಕೇಳಿದ್ರಿ."

ಸುಧಾರಾಣಿಗೆ ನಗು ಒತ್ತರಿಸಿ ಬಂತು. ಕೆಳದುಟಿ ಕಚ್ಚಿಕೊಂಡು ಪಂಚನಾಮೆಯ ಕಾಗದದ ಮೇಲೆ ಬಗ್ಗಿದರು. ಆದರೆ ಬೇರೆಯವರ ಸಿಮ್ಮಿನ ಹಿಂದೆ ಅಡಗಿ ಹಣ ಪಡೆದದ್ದು ಮೋಸವೇ, ಅದರಲ್ಲಿ ನಗುವಂಥದ್ದು ಇರಲಿಲ್ಲ. 11.50ಕ್ಕೆ ಶಿವಾಜಿಯ ಬಂಧನವಾಯಿತು. ಅಚ್ಚು, ಹಣ ಮತ್ತು ಅಜ್ಜಿಯ ರೂಪಾಯಿ ಜಪ್ತಿಯಾದವು.

ಸಂಜೆ ನಾಲ್ಕಕ್ಕೆ ಮಲಕವ್ವ ಠಾಣೆಗೆ ಬಂದಳು. ಚಂದ್ರಕಾಂತರೂ ಅಲ್ಲೇ ಇದ್ದರು. ಅವರೆದುರೇ ಅವಳ ನಾಣ್ಯವನ್ನು ತೂಗಲಾಯಿತು. ಎರಡು ಶತಮಾನದ ಹತ್ತಿರ ಸವೆದಿದ್ದರೂ ಹನ್ನೊಂದು ಗ್ರಾಂ ನಾಲ್ಕುನೂರು ಮಿಲಿಗ್ರಾಂ. ಬೆಳ್ಳಿ ಅಂಗಡಿಯವನು ಉಜ್ಜಿ ನೋಡಿ, ಚೊಕ್ಕ ಮಾಲು ಎಂದ. ಚಂದ್ರಕಾಂತರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಅಮ್ಮಾರ, ಇದನ್ನ ನನಗ ಕೊಡ್ತೀರೇನ್ರಿ? ಮಗಳ ಮದವಿ ಐತಿ. ಸರದಾಗ ಒಂದು ಕಡಿಮಿ ಐತ್ರಿ."

"ಖೊಟ್ಟಿ ರೂಪಾಯಿ ಯಾಕ ಬೇಕಪಾ ನಿನಗ?"

"ಅಸಲಿ ಐತ್ರಿ. ತಪ್ಪು ನಂದು."

"ನನ್ನ ಕಿವ್ಯಾಗ ಹೇಳಬ್ಯಾಡ. ಎಲ್ಲಿ ಖೊಟ್ಟಿ ಅಂದಿದ್ದಿ ಅಲ್ಲೇ ಹೇಳು. ಮತ್ತ, ಪುಕ್ಕಟೆ ಕೊಡಂಗಿಲ್ಲ. ಅಸಲಿ ಅಂದಮ್ಯಾಲೆ ಅಸಲಿ ರೇಟು."

ಚಂದ್ರಕಾಂತರು ಫೋನ್ ತೆಗೆದು ಗುಂಪಿನಲ್ಲಿ ಬರೆದರು. ಮಲಂಗಸಾಬ ಗಟ್ಟಿಯಾಗಿ ಓದಿದ: "'ಅಕ್ಟೋಬರ್ 25ರ ನಾಣ್ಯ ಅಸಲಿ. ನಾನು ತೂಗದೆ ಮಾತಾಡಿದೆ. ಚಂದ್ರಕಾಂತ.'" ಲಾಕಪ್‌ನ ಸರಳುಗಳ ಹಿಂದೆ ಶಿವಾಜಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಮಲಕವ್ವ ಮಾತ್ರ ಮೊಮ್ಮಗ ಮಾಡಿಕೊಟ್ಟ ಹಲ್ಲುಗಳೆಲ್ಲ ಕಾಣುವಂತೆ ನಕ್ಕಳು.

ಅಂದು ಸುಧಾರಾಣಿ ಕೇಸ್ ಡೈರಿಯ ಉದ್ದೇಶದ ಕಾಲಂನಲ್ಲಿ 'ಹಣದಾಸೆ' ಎಂದು ಬರೆಯಲಿಲ್ಲ. 'ಅಜ್ಜಿಯ ಅಸಲಿ ನಾಣ್ಯವನ್ನು ನಕಲಿ ಎಂದದ್ದು' ಎಂದು ಬರೆದು ಸಹಿ ಮಾಡಿದರು.

ನ್ಯಾಯಾಲಯ ಶಿವಾಜಿಗೆ ಜಾಮೀನು ಕೊಟ್ಟಿತು, ರೂಪಾಯಿಯನ್ನು ಮಲಕವ್ವನಿಗೆ ಮರಳಿಸಿತು. ಅಸಲಿ ರೇಟು ಎಣಿಸಿಕೊಂಡೇ ಅವಳು ಅದನ್ನು ಚಂದ್ರಕಾಂತರಿಗೆ ಮಾರಿದಳು. ಪ್ರಕರಣ ತನ್ನ ದಾರಿಯಲ್ಲಿ ನಡೆದಿದೆ. ಡಿಸೆಂಬರ್ 5ರಂದು ಮದುವೆ ಮಂಟಪದ ಮೊದಲ ಸಾಲಿನಲ್ಲಿ ಮಲಕವ್ವ ಕುಳಿತಿದ್ದಳು. ಅವಳನ್ನು ಬೈಕಿನಲ್ಲಿ ಕರೆತಂದು ಬಾಗಿಲಲ್ಲೇ ನಿಂತಿದ್ದ ಶಿವಾಜಿಯನ್ನು ಚಂದ್ರಕಾಂತರೇ ಕೈ ಹಿಡಿದು ಊಟದ ಪಂಕ್ತಿಗೆ ಒಯ್ದರು.

ಸುಧಾರಾಣಿ ಅಕ್ಷತೆ ಹಾಕುವಾಗ ಪ್ರಾಚಿಯ ಕೊರಳು ನೋಡಿದರು. ಹತ್ತು ರೂಪಾಯಿಗಳು ಕಪ್ಪಗೆ, ಗಂಭೀರವಾಗಿದ್ದವು. ಹನ್ನೊಂದನೆಯದು ಮಾತ್ರ ದೀಪದ ಬೆಳಕಿಗೆ ಕಣ್ಣು ಕುಕ್ಕುತ್ತಿತ್ತು.

"ಬ್ಯಾಡ್ರಿ, ತಿಕ್ಕಿದ್ರ ಬೆಲಿ ಇಳಿತೈತಿ ಅಂತ ಕೈ ಮುಗದ್ನಿರಿ," ಚಂದ್ರಕಾಂತರು ಅವರ ಕಿವಿಯಲ್ಲಿ ಅಲವತ್ತುಕೊಂಡರು. "ಮದವಿ ಅಂದ್ಲು ಮಲಕವ್ವ, ನಿನ್ನಿ ಮತ್ತ ಹುಣಸಿಹಣ್ಣು ಹಚ್ಚ್ಯಾಳ್ರಿ."