ಕಿಬಿರಿಗೆಯ ಹೆಂಡದ ಬಾಳೆ ಕಡಿದವರು

ಕಿಬಿರಿಗೆ ನಕಿಯಿಂಗಿಯ ಜಗಲಿಗೆ ಬಂದಾಗ ಅವನ ಕೈಯಲ್ಲಿ ಮಚ್ಚಿತ್ತು. ರಾತ್ರಿ ಯಾರೋ ಅವನ ಹೆಂಡದ ಬಾಳೆಯನ್ನೆಲ್ಲ, ಅಂದರೆ ಹಣ್ಣು ಹಿಂಡಿ ಹೆಂಡ ಮಾಡುವ ಜಾತಿಯ ಗಿಡಗಳನ್ನೆಲ್ಲ, ಕಡಿದು ಕೆಡವಿದ್ದರು. ಬೇಲಿಯ ತಕರಾರಿದ್ದ ಪಕ್ಕದ ಮನೆಯ ಮುವಂಗನದೇ ಈ ಕೆಲಸವೆಂದು ಅವನ ತೀರ್ಮಾನ. ಸಂಜೆಯೊಳಗೆ ಅವನನ್ನು ಊರು ಬಿಡಿಸುತ್ತೇನೆಂದು ಹಾರಾಡುತ್ತಿದ್ದ.

ನಾನು ಹೊಲಿಗೆ ಯಂತ್ರ ನಿಲ್ಲಿಸಿ ಎದ್ದೆ. ಊರಿನ ಗುಟ್ಟುಗಳನ್ನು ಬಿಡಿಸುವವಳು ನಕಿಯಿಂಗಿ. ಅವಳ ಜಗಲಿಯಲ್ಲೇ ಬಟ್ಟೆ ಹೊಲಿಯುವ ನಾನು ಅವಳ ಬಾಲ. ಕಿಬಿರಿಗೆಯ ಹೆಂಡತಿ ನಾಮುಲೊಂಡೊಗೆ ಅವಳು ಸೆಂಗ, ಅಂದರೆ ಸೋದರತ್ತೆ. ನಮ್ಮಲ್ಲಿ ಮದುವೆಗೆ ಮುಂಚೆ ಹುಡುಗಿಗೆ ಸಂಸಾರದ ಪಾಠ ಹೇಳಿಕೊಡುವವಳು ಸೆಂಗ.

ತೋಟದ ದಾರಿಯಲ್ಲಿ ನಾಮುಲೊಂಡೊ ನಮ್ಮ ಹೆಂಗಸರ ರೂಢಿಯಂತೆ ಮಂಡಿಯೂರಿ ನಮಗೆ ವಂದಿಸಿದಳು. ಗಂಡನಿಗೂ ಹಾಗೆಯೇ. ಕಣ್ಣು ಗುಳಿ ಬಿದ್ದಿತ್ತು, ದನಿ ಕೇಳಿಸಲೇ ಇಲ್ಲ. ನಾನು ಎಂದಿನಂತೆ ತಲೆಯಾಡಿಸಿ ಮುಂದೆ ಹೋದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹೆಂಡದ ಬಾಳೆ ಮತ್ತು ಊಟದ ಬಾಳೆ ಅಲ್ಲಿ ಬೆರೆತು ಬೆಳೆದಿದ್ದವು. ಬಿದ್ದದ್ದು ಹೆಂಡದ್ದು ಮಾತ್ರ. ಕಡಿತಗಳೆಲ್ಲ ಬಹಳ ತಗ್ಗಿನಲ್ಲಿದ್ದವು. ಪ್ರತಿ ಬುಡದ ಮುಂದೆಯೂ ಒಣಗಿದ ಎಲೆಯ ಹೊದಿಕೆಯಲ್ಲಿ ಜೋಡಿ ಗುಳಿಗಳು. ನಕಿಯಿಂಗಿ ಒಂದು ಜೋಡಿ ಗುಳಿಯಲ್ಲಿ ಮಂಡಿಯೂರಿ ಕೈ ಬೀಸಿ ನೋಡಿದಳು. ಆಮೇಲೆ ಏಳದೆ ಅಲ್ಲೇ ಕೂತಳು.

"ಗೊತ್ತಾಯ್ತು ಸಾಲೊಂಗೊ," ಎಂದಳು. ಅವಳಿ ಮಕ್ಕಳ ಅಪ್ಪನಾದ್ದರಿಂದ ನನ್ನನ್ನು ಎಲ್ಲರೂ ಹಾಗೆ ಕರೆಯುತ್ತಾರೆ. "ಹೇಳಿದ್ರೆ ಒಬ್ಬ ತಾಯಿಯಿಂದ ಮಕ್ಕಳು ದೂರ ಆಗ್ತಾವೆ. ಹೇಳ್ದಿದ್ರೆ ಮುವಂಗ ಹಾಳಾಗ್ತಾನೆ."

ಮಧ್ಯಾಹ್ನ ಹಲಸಿನ ಮರದಡಿ ಎಲ್ಲರೂ ಸೇರಿದರು. ಗಂಡಸರು ಕುರ್ಚಿಗಳಲ್ಲಿ, ಹೆಂಗಸರು ಚಾಪೆಯ ಮೇಲೆ. ನಕಿಯಿಂಗಿ ಒಂದೊಂದಾಗಿ ಬಿಡಿಸಿ ಹೇಳಿದಳು. ಗೊನೆ ಇಲ್ಲದ ಗಿಡವನ್ನೂ ಕತ್ತಲಲ್ಲಿ ಇದು ಹೆಂಡದ್ದು, ಇದು ಊಟದ್ದು ಎಂದು ಗುರುತಿಸಬೇಕಾದರೆ ದಿನವೂ ಆ ತೋಟದಲ್ಲಿ ದುಡಿಯಬೇಕು. ಮುವಂಗ ಅಲ್ಲಿಗೆ ಕಾಲಿಟ್ಟವನೇ ಅಲ್ಲ. ಮನೆಯ ಊಟ ಉಳಿಸಿ ಹೆಂಡವನ್ನಷ್ಟೇ ಕಡಿದದ್ದು ಆ ಮನೆಯ ಮಕ್ಕಳ ಹೊಟ್ಟೆ ನೋಡಿಕೊಳ್ಳುವವರು.

"ಅವನು ಬಚ್ಚಿಟ್ಕೊಂಡು ಕಡಿದಿರ್ತಾನೆ, ಅದಕ್ಕೇ ತಗ್ಗು," ಎಂದ ಕಿಬಿರಿಗೆ.

"ಬಚ್ಚಿಟ್ಕೊಳ್ಳೋನು ಕುಕ್ಕರಗಾಲಲ್ಲಿ ಕೂರ್ತಾನಪ್ಪ, ಮಂಡಿ ಊರಲ್ಲ. ನಿನ್ನ ಗಿಡದ ಮುಂದೆ ಮಂಡಿ ಊರೋರು ಈ ಊರಲ್ಲಿ ಯಾರಿದ್ದಾರೆ?"

ಚಾಪೆಯ ಮೇಲೆ ನಾಮುಲೊಂಡೊ ತಲೆಯೆತ್ತಿದಳು. "ನಾನೇ. ನಿಂತ್ಕೊಂಡು ಕಡಿಯೋಣ ಅಂತಿದ್ದೆ. ಇವರ ಗಿಡ ಅಲ್ವಾ, ಮಂಡಿ ತಾನಾಗೇ ಮಡಚ್ಕೊಳ್ತು."

ಕಿಬಿರಿಗೆ ಎದ್ದ. ಇವಳಿಗೆ ತಲೆ ಕೆಟ್ಟಿದೆ, ತವರಿಗೆ ಹೋಗಲಿ, ಮಕ್ಕಳು ತನ್ನ ಕುಲದವರು, ತನ್ನ ಬಳಿಯೇ ಇರಲಿ ಎಂದ. ಹಿರಿಯರು ಹೌದೆನ್ನುವಂತೆ ತಲೆಯಾಡಿಸುವಷ್ಟರಲ್ಲಿ ನಕಿಯಿಂಗಿ ತಡೆದಳು.

"ಕೂತ್ಕೋ. ಇನ್ನೂ ಇಬ್ಬರು ತಪ್ಪಿತಸ್ಥರಿದ್ದಾರೆ. ತೋಟ ಅವಳು ಮಾಡ್ತಾಳೆ, ಹೆಂಡ ಅವಳು ಹಿಂಡ್ತಾಳೆ, ಮಾತು ಮಾತ್ರ ನಿಂದು. ನಿದ್ದೆ ಬರಲ್ಲ, ಆಸ್ಪತ್ರೆಗೆ ಹೋಗ್ಲಾ ಅಂತ ಕೇಳಿದ್ದಕ್ಕೆ ಬೇಡ ಅಂದವನು ನೀನು. ಆಮೇಲೆ ನನ್ನ ಹತ್ರ ಬಂದ್ಲು. ಒಲೆ ಮುಂದೆ ಸುಮ್ಮಸುಮ್ಮನೆ ಅಳು ಬರುತ್ತೆ ಸೆಂಗ, ಸಾಯೋಣ ಅನ್ಸುತ್ತೆ ಅಂದ್ಲು. ಇನ್ನೂ ಸ್ವಲ್ಪ ಬಗ್ಗಿ ನಡ್ಕೋ ಅಂತ ಹೇಳಿ ಕಳಿಸಿದೋಳು ನಾನು. ಮಂಡಿ ಊರೋದು ಕಲಿಸಿದೋಳೂ ನಾನೇ. ಅವಳನ್ನ ಓಡಿಸೋದಾದ್ರೆ ಮೊದಲು ನಮ್ಮಿಬ್ಬರನ್ನ ಓಡಿಸಿ."

ಕೊನೆಗೆ ಹಿರಿಯರಲ್ಲೊಬ್ಬರು, ಮೊದಲು ಅವಳು ಆಸ್ಪತ್ರೆಗೆ ಹೋಗಲಿ, ಮಕ್ಕಳು ತಾಯಿಯ ಜೊತೆಗೇ ಇರಲಿ ಎಂದರು. ಮುವಂಗ ಬೆವರು ಒರೆಸಿಕೊಂಡ. ಕಿಬಿರಿಗೆ ನೆಲ ನೋಡುತ್ತ ಕೂತ. ನಕಿಯಿಂಗಿ ಸೋದರ ಸೊಸೆಯ ಕೈ ಹಿಡಿಯಲು ಹೋದಳು. ನಾಮುಲೊಂಡೊ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಕಡಿದ ಬುಡ ನೋಡಿ ಒಂದೇ ಬೆಳಗ್ಗೆ ಎಲ್ಲಾ ಕಂಡುಹಿಡಿದ್ರಿ. ನಾನು ಎದುರಿಗೆ ಕೂತು ಅತ್ತಾಗ ನಿಮಗೆ ಯಾಕೆ ಏನೂ ಕಾಣ್ಲಿಲ್ಲ, ಸೆಂಗ?"