ಹೊಸ ಪೆಟ್ಟಿಗೆಯ ಹಳೆಯ ಸದ್ದು

"ಅಮ್ಮಾ, ಹನ್ನೆರಡು ಗಂಟೆಗೆ ನನ್ನ ಲೆಕ್ಕ ಮುಗಿಸಿ ಕಳಿಸ್ತಾರಂತೆ. ಈ ಕೆಟ್ಟ ಹೆಸರು ಹೊತ್ಕೊಂಡು ಹೋದ್ರೆ ಬೇರೆ ಯಾರು ಸೇರಿಸ್ಕೋತಾರೆ?"

ಬಾಗಿಲಲ್ಲಿ ನಿಂತಿದ್ದವಳು ಕೆಳಗಿನ ಕಟ್ಟುಹಲ್ಲಿನ ಕಾರ್ಖಾನೆಯ ಕೆಲಸಗಾರ್ತಿ. ಎರಡೂ ಕೈ ಬಿಳಿ. ಹದಿನೇಳು ವರ್ಷದಿಂದ ಬೆಳಿಗ್ಗೆ ಬಂದವಳೇ ಅಚ್ಚಿಗೆ ಪ್ಲಾಸ್ಟರ್ ಕಲಸಿ, ಅದೇ ಕೈಯಲ್ಲಿ ಕಂಪ್ಯೂಟರಿನ ಸ್ವಿಚ್ ಒತ್ತುವುದು ಅವಳ ಅಭ್ಯಾಸ. ಎಷ್ಟು ಬೈಸಿಕೊಂಡರೂ ಬಿಟ್ಟಿರಲಿಲ್ಲ.

ನನ್ನ ಚಿಕ್ಕಮ್ಮ ಕನ್ನಡಕ ತೆಗೆದಿಟ್ಟರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಟ್ಟ ಲೈನು ಹುಡುಕಿದವರು. ನಮ್ಮ ಕಟ್ಟಡದಲ್ಲಿ ಏನು ಕಳೆದರೂ ಜನ ಮಹಡಿ ಹತ್ತುವುದು ಅವರ ಬಳಿಗೇ. "ಕೂತ್ಕೋ. ಮೊದಲಿಂದ ಹೇಳು."

ಹಲ್ಲು ರಚಿಸುವ ಪ್ರೋಗ್ರಾಂ ಮಾಡಿದ ಕಂಪನಿ ಎಂದೋ ಮುಚ್ಚಿತ್ತು. ಅದನ್ನು ಹೊಸದಾಗಿ ಹಾಕುವಂತಿರಲಿಲ್ಲ. ಹಾಗಾಗಿ ಕಾರ್ಖಾನೆಯ ಯಜಮಾನರ ಭಾಮೈದ ಬಿಡಿಭಾಗ ತಂದು ಹೊಸ ಕಂಪ್ಯೂಟರ್ ಜೋಡಿಸಿ, ಹಳೆಯದರ ಆಪರೇಟಿಂಗ್ ಸಿಸ್ಟಮ್ಮನ್ನು ಇದ್ದಂತೆಯೇ ಹೊಸ ಡಿಸ್ಕಿಗೆ ಸಾಗಿಸಿದ್ದ. ಅವನನ್ನು ನಾವೆಲ್ಲ ಪಂಡಿತ ಎನ್ನುತ್ತಿದ್ದೆವು. ಪಾಪ, ಅದನ್ನವನು ಹೊಗಳಿಕೆ ಎಂದೇ ತಿಳಿದಿದ್ದ. ನಾಲ್ಕು ದಿನ ಎಲ್ಲ ಸರಿಯಿತ್ತು. ಇಂದು ಬೆಳಿಗ್ಗೆ ಸ್ವಿಚ್ ಒತ್ತಿದರೆ ಕಪ್ಪು ಪರದೆ. ಇವಳು ಏನೋ ಒತ್ತಿ ಎಲ್ಲ ಅಳಿಸಿದಳು ಎಂದು ಪಂಡಿತ ಹಲ್ಲಿಗೆ ಕಾಯುತ್ತಿದ್ದ ಡಾಕ್ಟರುಗಳಿಗೂ ಸಾರಿದ್ದ.

"ನಾನೇ ಏನಾದ್ರೂ ಮುಟ್ಟಿಬಿಟ್ಟೆನೇನೋ," ಎಂದಳು. ನನಗೆ ಮೈಯುರಿಯಿತು. ಸಾವಿರಾರು ಬಾಯಿಗಳಿಗೆ ಹಲ್ಲು ಕೂರಿಸಿದ ಕೈ, ಒಬ್ಬ ಗಂಡಸು ಅರ್ಧ ಗಂಟೆ ಗದರಿದ್ದಕ್ಕೆ ತನ್ನನ್ನೇ ನಂಬದಾಗಿತ್ತು. ನಾವು ಹೆಂಗಸರು ಇದನ್ನು ಎಲ್ಲಿ ಕಲಿಯುತ್ತೇವೋ!

"ಹೊಸದು ಬೇಗ ಶುರುವಾಗ್ತಿತ್ತಾ?" ಚಿಕ್ಕಮ್ಮ ಕೇಳಿದರು.

"ಎಲ್ಲಿ ಬೇಗ? ನಾಲ್ಕು ಬಟ್ಟಲು ತೊಳೆಯೋವರೆಗೂ ಕಾಯ್ಬೇಕು, ಮೊದಲಿನ ಹಾಗೇ. ಅದೇ ಕಟಕಟ ಸದ್ದು ಬೇರೆ. ಇವತ್ತು ಸದ್ದೂ ಇಲ್ಲ."

ಚಿಕ್ಕಮ್ಮ ಸೆರಗು ಸಿಕ್ಕಿಸಿ ಎದ್ದರು. ನಾನೂ ಅವರ ಹಿಂದೆಯೇ ಇಳಿದೆ.

ಕೆಳಗೆ ಯಜಮಾನರು ಎಂದಿನಂತೆ ಭಾಮೈದನ ಮುಖ ನೋಡಿ ತಮ್ಮ ಅಭಿಪ್ರಾಯ ತಿಳಿದುಕೊಳ್ಳುತ್ತಿದ್ದರು. "ಏನಜ್ಜಿ, ಇದೇನು ಡಬ್ಬಾ ಫೋನ್ ಅಂದ್ಕೊಂಡ್ರಾ?" ಎಂದ ಪಂಡಿತ.

"ಗೊತ್ತಿಲ್ಲಪ್ಪ, ನೀನೇ ಹೇಳಿಕೊಡು. ಹಳೇ ಡಿಸ್ಕ್ ಎಲ್ಲಿದೆ?"

"ಬೀರುವಿನಲ್ಲಿ. ಸಾಗಿಸಿದ ದಿನವೇ ತೆಗೆದಿಟ್ಟೆ. ಒಂದು ತಿಂಗಳು ಇಟ್ಟಿರು ಅಂತ ಭಾವ ಹೇಳಿದ್ರು. ಆದ್ರೆ ಅದು ಸತ್ತುಹೋಗಿದೆ, ಉಪಯೋಗವಿಲ್ಲ."

ಚಿಕ್ಕಮ್ಮ ಯಜಮಾನರ ಒಪ್ಪಿಗೆ ಪಡೆದು ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿಸಿದರು. ಒಳಗೆ ತುದಿಯಲ್ಲಿ ಏನೂ ಇಲ್ಲದ ಎರಡು ವೈರುಗಳು ಜೋತಾಡುತ್ತಿದ್ದವು.

"ನೋಡಿದ್ರಾ! ಅವಳೇ ಕಿತ್ತಿದ್ದಾಳೆ!" ಪಂಡಿತ ಕೂಗಿದ.

"ಏನನ್ನ ಕಿತ್ತಳು?" ಚಿಕ್ಕಮ್ಮ ಮೆಲ್ಲಗೆ ಕೇಳಿದರು. "ಹೊಸ ಡಿಸ್ಕ್ ಅಲ್ಲೇ ಇದೆ. ಹಳೇದು ನಾಲ್ಕು ದಿನದಿಂದ ಬೀರುವಿನಲ್ಲಿದೆ ಅಂತ ನೀನೇ ಅಂದೆ. ಮತ್ತೆ ಕೀಳೋದಕ್ಕೆ ಏನಿತ್ತು?"

ಚಿಕ್ಕಮ್ಮ ಬಿಚ್ಚಿದ ಮುಚ್ಚಳವನ್ನು ಬೆಳಕಿಗೆ ಹಿಡಿದರು.

"ಸ್ವಿಚ್ಚಿನ ಮೇಲೆ ಇವಳ ಬಿಳಿ ಬೆರಳಿದೆ, ಕೀಲಿಮಣೆ ಮೇಲಿದೆ. ಮುಚ್ಚಳದ ಮೇಲೆ ಒಂದು ಚುಕ್ಕೆಯೂ ಇಲ್ಲ. ಇವಳು ಅದನ್ನು ಮುಟ್ಟಿಲ್ಲ. ಇನ್ನು ಸದ್ದು. ಹೊಸ ಡಿಸ್ಕಿನಲ್ಲಿ ತಿರುಗೋ ಭಾಗವೇ ಇರಲ್ಲ, ಅದು ಕಟಕಟ ಅನ್ನಲ್ಲ. ನಾಲ್ಕು ದಿನ ಅಂದದ್ದು ಹಳೇದು. ನಕಲು ಮಾಡೋಕೆ ಅಂತ ಸಿಕ್ಕಿಸಿದ್ದು ಈ ಪೆಟ್ಟಿಗೆಯೊಳಗೇ ಇತ್ತು, ಕಂಪ್ಯೂಟರ್ ಅದರಿಂದಲೇ ಶುರುವಾಗ್ತಿತ್ತು. ಅದಕ್ಕೇ ಅಷ್ಟು ನಿಧಾನ. ನಿನ್ನ ನಕಲು ಅರೆಬರೆ. ಹಳೇದನ್ನು ಬಿಚ್ಚಿಟ್ಟು ಒಂದು ಸಲ ಶುರುಮಾಡಿ ನೋಡಿದ್ರೆ ಅವತ್ತೇ ತಿಳೀತಿತ್ತು. ನೋಡಲಿಲ್ಲ. ನಿನ್ನೆ ಸಂಜೆ ಎಲ್ಲ ಹೋದ ಮೇಲೆ ಹಳೇದನ್ನು ತೆಗೆದೆ. ಯಾಕಪ್ಪ?"

ಯಜಮಾನರು ಬೀರು ತೆರೆದರು. ಹಳೆಯ ಡಿಸ್ಕ್ ಇರಬೇಕಿದ್ದ ಡಬ್ಬಿ ಖಾಲಿ.

"ನಮ್ಮನೆ ಕಂಪ್ಯೂಟರಲ್ಲಿ ಸಿನಿಮಾ ಇಡೋಕೆ ಜಾಗ ಸಾಲ್ತಿರಲಿಲ್ಲ, ಭಾವ," ಎಂದ ಪಂಡಿತ. "ಇನ್ನೂ ಏನೂ ಅಳಿಸಿಲ್ಲ. ಬ್ಯಾಗಲ್ಲಿದೆ."

ಚಿಕ್ಕಮ್ಮನೇ ವೈರು ಸಿಕ್ಕಿಸಿದರು. ಕಟಕಟ ಎಂದಿತು, ನಾಲ್ಕು ಬಟ್ಟಲು ತೊಳೆಯುವಷ್ಟು ಹೊತ್ತು ಕಾಯಿಸಿತು. ಪರದೆಯ ಮೇಲೆ ಹದಿನೇಳು ವರ್ಷದ ಹಲ್ಲುಗಳು ಬಂದವು.

"ಆಗಿದ್ದು ಆಗೋಯ್ತು," ಯಜಮಾನರು ಗಂಟಲು ಸರಿಮಾಡಿಕೊಂಡರು. "ಹೋಗಮ್ಮ, ಕೆಲಸ ನೋಡು."

ಅವಳು ಹೋಗಲಿಲ್ಲ. ಮೇಜಿನ ಮೇಲಿನ ಫೋನೆತ್ತಿ ಪಂಡಿತನ ಮುಂದೆ ಹಿಡಿದಳು.

"ಬೆಳಿಗ್ಗೆ ಮೂರು ಜನ ಡಾಕ್ಟರಿಗೆ ಫೋನ್ ಮಾಡಿ ನನ್ನ ಹೆಸರು ಹೇಳಿದ್ರಿ. ಈಗ ಅವರಿಗೇ ಮಾಡಿ ನಿಮ್ಮ ಹೆಸರು ಹೇಳಿ."

ಪಂಡಿತ ಭಾವನ ಕಡೆ ನೋಡಿದ. ಭಾವ ಖಾಲಿ ಡಬ್ಬಿ ನೋಡುತ್ತಿದ್ದರು. ಮೊದಲನೆಯ ಡಾಕ್ಟರು ಫೋನೆತ್ತಿದಾಗ ಅವನ ಬಾಯಿಂದ ಹೊರಟದ್ದು ಪಕ್ಕದಲ್ಲಿದ್ದ ನಮಗೇ ಕೇಳಿಸಲಿಲ್ಲ.

"ಜೋರಾಗಿ," ಎಂದಳು ಅವಳು.